ಭಟ್ಟಿ ಮೇಸ್ತ್ರಿ ಸಂದು ಮುಚ್ಚಿದ್ದು

ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿ ಅಂದಿಗೆ ಐವತ್ತೆರಡು ದಿನ. ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಳು, ನೋಡಿಕೊಳ್ಳಲು ತಂಗಿ ಹೋದಳು. ಸರಿ, ಹೋಗಲೇಬೇಕು. ಆದರೆ ಮೂಳೆ ಕೂಡಿ, ಪ್ಲಾಸ್ಟರ್ ಬಿಚ್ಚಿ, ಆ ಅಕ್ಕ ಚೀಲ ಹಿಡಿದು ಅಂಗಡಿಗೆ ಹೋಗಿಬರುವಷ್ಟು ಗಟ್ಟಿಯಾದ ಮೇಲೂ ತಂಗಿ ಅಲ್ಲೇ ಬೇರು ಬಿಟ್ಟು ಕೂತರೆ ಅದಕ್ಕೆ ಏನೆನ್ನಬೇಕು? ಭಟ್ಟಿ ಮೇಸ್ತ್ರಿ ಅದಕ್ಕೆ ಹತ್ತಾರು ಹೆಸರಿಟ್ಟಿದ್ದ. (ಅವು ಅಚ್ಚು ಹಾಕುವಂಥವಲ್ಲ.)

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ. ಬೇಕರಿಯ ಭಟ್ಟಿಯ ಮುಂದೆ ನಿಂತು ಇಪ್ಪತ್ತೆಂಟು ವರ್ಷದಿಂದ ಬ್ರೆಡ್ಡು ಬನ್ನು ಬೇಯಿಸುವವನು. ಬೆಳಗಿನ ಜಾವ ಹೋದರೆ ಮಧ್ಯಾಹ್ನಕ್ಕೆ ಮನೆ. ಭಟ್ಟಿ ಮತ್ತು ಮೇಸ್ತ್ರಿ, ಇಬ್ಬರಲ್ಲಿ ಯಾರ ಬಿಸಿ ಹೆಚ್ಚು ಎಂದು ಬೇಕರಿಯವರು ಬಹಳ ದಿನ ವಾದ ಮಾಡಿ, ಭಟ್ಟಿಯಾದರೆ ಸಂಜೆಗೆ ಆರುತ್ತದೆ ಎಂದು ತೀರ್ಪು ಕೊಟ್ಟಿದ್ದರು.

ಇಂಥವನಿಗೆ ಮನೆಗೆ ಬಂದರೆ ತಣ್ಣನೆಯ ಗಾಳಿ ಬೇಕು. ಹೆಂಡತಿಗೋ ಬೇಸಗೆಯಲ್ಲೂ ಪಾದ ತಣ್ಣಗೆ. ಮನೆಯಂತೂ ಹಳೆಯದು. ಮರ ಒಣಗಿ ಕುಗ್ಗಿ, ಗೋಡೆ ಒಂದು ಕಡೆ, ಚೌಕಟ್ಟು ಒಂದು ಕಡೆ, ಬಾಗಿಲು ಇನ್ನೊಂದು ಕಡೆ, ಪಾಲಿಗೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಬ್ಬರಿಗೊಬ್ಬರು ತಾಗದೆ ನಿಂತಿದ್ದವು. ನಡುವಿನ ಸಂದುಗಳಲ್ಲಿ ಚಳಿಗಾಳಿ ಹೇಳದೆ ಕೇಳದೆ ಬಂದುಹೋಗುತ್ತಿತ್ತು. ಹೆಂಡತಿ ಒಂದೊಂದು ಗಾಳಿಗೂ ಹೆಸರಿಟ್ಟಿದ್ದಳು. ಮುಂಬಾಗಿಲ ಅಡಿಯಿಂದ ತೆವಳಿ ಬಂದು ಪಾದ ಹಿಡಿಯುವುದು ಅತ್ತೆ. ಮಲಗುವ ಕೋಣೆಯ ಕಿಟಕಿಯಲ್ಲಿ ಸಣ್ಣಗೆ, ಬಿಡದೆ, ಕಿವಿಯ ಹತ್ತಿರವೇ ಸಿಳ್ಳೆ ಹೊಡೆಯುವುದು ನಾದಿನಿ. ಇನ್ನು ಅಡುಗೆಮನೆಯ ಕಿಟಕಿಯನ್ನು ದಡಾರನೆ ಬಡಿದು, ಪಾತ್ರೆ ಉರುಳಿಸಿ, ಆಮೇಲೆ ಏನೂ ಆಗದವರ ಹಾಗೆ ತಣ್ಣಗಾಗುವುದು ಒಂದಿತ್ತು.

"ಅದು ಯಾರು?" ಎಂದು ಮೇಸ್ತ್ರಿ ಒಮ್ಮೆ ಕೇಳಿದ್ದ.

"ಅದು ನೀವೇ. ಅದಕ್ಕೆ ಬೇರೆ ಹೆಸರು ಯಾಕೆ ದಂಡ?"

ಇವೆಲ್ಲಕ್ಕೂ ಕಿರೀಟವಿಟ್ಟ ಹಾಗೆ ಮುಂಬಾಗಿಲಲ್ಲಿ ಸೊಂಟದ ಎತ್ತರಕ್ಕೆ ಒಂದು ತೂತು. ಎರಡು ವರ್ಷದ ಹಿಂದೆ ಕೀಲಿ ಕಳೆದುಹೋದಾಗ ಮೇಸ್ತ್ರಿ ಸಿಟ್ಟಿನಲ್ಲಿ ಕಬ್ಬಿಣದ ಸಲಾಕೆ ಹಾಕಿ ಬೀಗವನ್ನೇ ಕಿತ್ತಿದ್ದ. (ಕೀಲಿ ಆಮೇಲೆ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಆ ಮಾತು ಬೇಡ.) "ನಾಳೆ ಹೊಸ ಬೀಗ ಹಾಕಿಸ್ತೀನಿ" ಎಂದ. ಆ ನಾಳೆ ಇನ್ನೂ ಬಂದಿಲ್ಲ. ಹೆಂಡತಿ ಹಳೆಯ ಸೀರೆಯ ತುಂಡೊಂದನ್ನು ಹಗ್ಗದ ಹಾಗೆ ಹೊಸೆದು, ತಿರುಗಿಸಿ ತಿರುಗಿಸಿ ಆ ತೂತಿಗೆ ತುರುಕಿದ್ದಳು.

ಹೊರಡುವ ದಿನ ಇದೇ ಮಾತಿಗೆ ಜಗಳವಾಯಿತು.

"ಸಂದು ಮುಚ್ಚಿಸಿ ಮುಚ್ಚಿಸಿ ಅಂತ ಎಷ್ಟು ಚಳಿಗಾಲದಿಂದ ಬಡ್ಕೊತಿದೀನಿ?"

"ಗಾಳಿ ಬೇಡ ಅನ್ನೋರು ಡಬ್ಬಿಯೊಳಗೆ ಕೂತು ಮುಚ್ಚಳ ಹಾಕ್ಕೋಬೇಕು!"

"ನಿಮ್ಮ ಭಟ್ಟಿಗಾದ್ರೆ ಒಂದು ಕೂದಲೆಳೆ ಸಂದು ಬಿಡಲ್ಲ. ಬ್ರೆಡ್ಡಿಗೆ ಚಳಿ ಆಗ್ಬಾರ್ದು. ನಾನೇನು ಬ್ರೆಡ್ಡಿಗಿಂತ ಕಡೆಯಾದೆನಾ?"

"ಬ್ರೆಡ್ಡು ತಿರುಗಿ ಮಾತಾಡಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಚೀಲ ಎತ್ತಿಕೊಂಡು ನಡೆದಳು. ನೀಲಿ ಸ್ವೆಟರನ್ನು ಗೂಟದಲ್ಲೇ ಮರೆತಳು. ಮರೆತಳೋ, "ಅಲ್ಲಿ ಇದು ಬೇಕಾಗಲ್ಲ" ಎಂದು ಬಿಟ್ಟಳೋ, ಐವತ್ತೆರಡು ದಿನವೂ ಮೇಸ್ತ್ರಿಗೆ ಇದೇ ಯೋಚನೆ.

ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದ. ಯಾವಾಗ ಬರುತ್ತೀಯೆ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಬದಲಿಗೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕಿರುಚುತ್ತಿದ್ದ. ಸಕ್ಕರೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಿರುಚುತ್ತಿದ್ದ.

"ನಿನ್ನೆ ಕೇಳಿದ್ರಲ್ಲ ರೀ."

"ನಿನ್ನೆ ಕೇಳಿದ್ದು ಉಪ್ಪಿನ ಡಬ್ಬಿ!"

"ಎರಡೂ ಅಕ್ಕಪಕ್ಕ ಇವೆ." ಆಮೇಲೆ ಮಾತು ತಿರುಗಿಸಿ, "ಇಲ್ಲಿ ಭಾವ ಕಿಟಕಿಗೆಲ್ಲ ರಬ್ಬರ್ ಪಟ್ಟಿ ಹಾಕ್ಸಿದಾರೆ. ಒಂಚೂರು ಗಾಳಿ ಇಲ್ಲ. ಕಾಲುಚೀಲನೇ ಬೇಡ ಗೊತ್ತಾ?" ಎನ್ನುತ್ತಿದ್ದಳು.

ಷಡ್ಡಕನ ರಬ್ಬರ್ ಪಟ್ಟಿ ಮೇಸ್ತ್ರಿಯ ಎದೆಗೇ ಅಂಟಿಕೊಂಡಿತು. ಫೋನು ಇಟ್ಟ ಮೇಲೆ ಮನೆಯಲ್ಲಿ ಅತ್ತೆ ಬಂದು ಪಾದ ಹಿಡಿಯುತ್ತಿದ್ದಳು, ನಾದಿನಿ ಸಿಳ್ಳೆ ಹೊಡೆಯುತ್ತಿದ್ದಳು. "ಅತ್ತೆ ಬಂದ್ರು, ಕಾಲು ಮೇಲೆ ತಗೊಳ್ಳಿ" ಎನ್ನುವವಳು ಮಾತ್ರ ಇರಲಿಲ್ಲ. ಯಾರೂ ಹೇಳದಿದ್ದರೂ ಮೇಸ್ತ್ರಿ ಕಾಲು ಮೇಲೆ ತೆಗೆದುಕೊಳ್ಳುತ್ತಿದ್ದ. ಜೀವಮಾನದಲ್ಲೇ ಮೊದಲ ಸಲ ಅವನಿಗೂ ಚಳಿಯಾಗತೊಡಗಿತ್ತು.

ಇನ್ನೊಂದು ಅಭ್ಯಾಸವಿತ್ತು. ದಿನಾ ಭಟ್ಟಿಯಿಂದ ತಟ್ಟೆ ಇಳಿಸಿದಾಗ ನಟ್ಟನಡುವಿನ ಬನ್ನೊಂದನ್ನು, ನಾಲ್ಕು ಬದಿಯೂ ಮೆತ್ತಗಿರುವುದನ್ನು, ಕಿತ್ತು ಕಾಗದದಲ್ಲಿ ಸುತ್ತಿ ಹೆಂಡತಿಗೆ ತರುವುದು. ಅವಳು ಹೋದರೂ ಕೈ ಕೇಳಲಿಲ್ಲ. ತರುತ್ತಿದ್ದ, ಮನೆಗೆ ಬಂದ ಮೇಲೆ ನೆನಪಾಗಿ "ಥೂ" ಎನ್ನುತ್ತಿದ್ದ, ಅಡುಗೆಮನೆಯ ಹಲಗೆಯ ಮೇಲೆ ಇಡುತ್ತಿದ್ದ. ತಿನ್ನಲು ಮನಸ್ಸಿಲ್ಲ, ಎಸೆಯಲು ಕೈಯಿಲ್ಲ. ವಾರದ ರಜೆ ಬಿಟ್ಟು ನಲವತ್ತೈದು ಬನ್ನುಗಳು ಗಾಳಿಗೆ ಒಣಗಿ ಕಲ್ಲಾಗಿ, ಹಾಜರಿ ಕೊಡಲು ನಿಂತವರ ಹಾಗೆ ಸಾಲಾಗಿ ಕೂತಿದ್ದವು.

ಕೊನೆಗೆ ಮೇಸ್ತ್ರಿ ಸೋತ. ಬಡಗಿಯನ್ನು ಕರೆಸಿದ.

ಬಡಗಿ ಕಿಟಕಿಯ ಹತ್ತಿರ ಹೋಗಲಿಲ್ಲ. ಬೀದಿಗೆ ಇಳಿದು, ಒಂದು ಕಣ್ಣು ಮುಚ್ಚಿ, ಇಡೀ ಮನೆಯನ್ನೇ ನೋಡಿದ.

"ಕಿಟಕಿ ನೆಟ್ಟಗಿದೆ ಅಣ್ಣ."

"ಮತ್ತೆ ಗಾಳಿ?"

"ಮನೆ ಸೊಟ್ಟ."

"ಮನೆ ಸೊಟ್ಟಾನಾ? ನಿನ್ನ ಕತ್ತು ಸೊಟ್ಟ ಕಣೋ!"

"ಕತ್ತು ನೆಟ್ಟಗಿಟ್ಟು ನೋಡಿದ್ರೂ ಅಷ್ಟೇ. ಚೌಕಟ್ಟು ಎಲ್ಲಾ ಬಿಚ್ಚಿ ಕೂರಿಸ್ಬೇಕು. ಹದಿನೈದು ದಿನ ಕಿಟಕಿ ಬಾಗಿಲು ಏನೂ ಇರಲ್ಲ."

"ಗಾಳಿ ಬರ್ತದೆ ಅಂತ ಕರೆದ್ರೆ ಕಿಟಕೀನೇ ಕೀಳ್ತೀನಿ ಅಂತೀಯಲ್ಲೋ!"

"ಹಾಗಾದ್ರೆ ಅತ್ತಿಗೆ ಬಂದ್ಮೇಲೆ ಕರೀರಿ. ಅವರ ಹತ್ರ ಆದ್ರೆ ನಾಲ್ಕು ಮಾತಾಡಬಹುದು," ಎಂದು ಬಡಗಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ.

"ಲೋ, ಅವಳು ಬರಬೇಕು ಅಂದ್ರೇ ಇದು ಆಗಬೇಕು ಕಣೋ!"

ಬಾಯಿಯಿಂದ ಹೊರಟೇಹೋಯಿತು. ಪಕ್ಕದ ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಇತ್ತ ನೋಡಿದ. ಬಡಗಿಯೂ ಒಂದು ಕ್ಷಣ ಮರುಕದಿಂದ ನೋಡಿದ. ಮರುಕವೆಂದರೆ ಮೇಸ್ತ್ರಿಗೆ ಆಗದು. "ನಡಿಯೋ, ನಡಿ! ನಿನ್ನ ಕೈಲಿ ಆಗಲ್ಲ ಅನ್ನು, ಮನೆ ಸೊಟ್ಟ ಅನ್ಬೇಡ!" ಎಂದು ಅಟ್ಟಿಬಿಟ್ಟ.

ಮಾರನೆಯ ಬೆಳಿಗ್ಗೆ ಭಟ್ಟಿಯ ಮುಂದೆ ನಿಂತಾಗ ಜ್ಞಾನೋದಯವಾಯಿತು.

ಸೌದೆ ಭಟ್ಟಿಯ ಕೆಲಸ ಬಲ್ಲವರಿಗೆ ಗೊತ್ತು: ಬ್ರೆಡ್ಡು ಒಳಗಿಟ್ಟು ಕಬ್ಬಿಣದ ಬಾಗಿಲು ಹಾಕಿದ ಮೇಲೆ ಅಂಚಿನ ಸುತ್ತ ಕಲಸಿದ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು ಮೆತ್ತುತ್ತಾರೆ. ಒಂದು ಎಳೆ ಬಿಸಿಯೂ ಹೊರಗೆ ಹೋಗದು. ಬೆಂದ ಮೇಲೆ ಸಲಾಕೆಯಿಂದ ಟಣ್ ಎಂದು ಒಂದು ಏಟು ಹಾಕಿದರೆ ಹಿಟ್ಟು ಗರಿಗರಿಯಾಗಿ ಉದುರಿ ಬಾಗಿಲು ತೆರೆದುಕೊಳ್ಳುತ್ತದೆ. ಇಪ್ಪತ್ತೆಂಟು ವರ್ಷದಿಂದ ದಿನಾ ಮಾಡುವ ಕೆಲಸ! ರಬ್ಬರ್ ಪಟ್ಟಿ ಯಾವ ಮಹಾ? ಬ್ರೆಡ್ಡಿಗೆ ಮಾಡಿದ್ದನ್ನು ಅವಳಿಗೆ ಮಾಡಿದರಾಯಿತು. ಅವಳು ಕೇಳಿದ್ದೂ ಅದನ್ನೇ ಅಲ್ಲವೇ?

ಮೂಲೆಯಲ್ಲಿ ಎರಡು ದಿನದ ಹಿಂದೆ ಉಳಿದು ಬಿದ್ದಿದ್ದ ಒಂದು ಡಬ್ಬದ ತುಂಬ ಮೈದಾ ಹಿಟ್ಟಿತ್ತು. ಈಸ್ಟ್ ಹಾಕಿ ಕಲಸಿದ್ದೇ, ಆದರೆ ಚಳಿಗೆ ಮುದುಡಿ ತಣ್ಣಗೆ ಬಿದ್ದಿತ್ತು. ಬೇಕರಿ ಭಾಷೆಯಲ್ಲಿ ಸತ್ತ ಹಿಟ್ಟು. ಮಧ್ಯಾಹ್ನ ಅದನ್ನು ಹೊತ್ತುಕೊಂಡು ಮನೆಗೆ ಬಂದ. ಮರುದಿನ ವಾರದ ರಜೆ.

ರಜೆಯ ದಿನ ಬೆಳಿಗ್ಗೆ ಕಾರ್ಯಾಚರಣೆ ಆರಂಭ. ಒಂದು ಚಿಟಿಕೆ ಒಣ ಮೈದಾ ಹಿಡಿದು ಒಂದೊಂದು ಸಂದಿನ ಮುಂದೆಯೂ ಉದುರಿಸಿ, ಪುಡಿ ಯಾವ ಕಡೆ ಹಾರುತ್ತದೆಂದು ನೋಡಿ ಗಾಳಿಯ ದಾರಿ ಪತ್ತೆ ಮಾಡಿದ. ಎಲ್ಲ ದಾರಿಯೂ ಅವನ ಮುಖಕ್ಕೇ ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ, ವಯಸ್ಸಿಗೆ ಇನ್ನೂ ಮೂವತ್ತು ವರ್ಷ ಸೇರಿತ್ತು.

ಹಿಂಬಾಗಿಲು ಮುಗಿಸಿದ ಮೇಲೆ, "ಅತ್ತೆ, ಇನ್ನು ತಾವು ಹೊರಗೇ ಇರಿ," ಎಂದು ಮುಂಬಾಗಿಲ ಅಡಿಯ ಸಂದಿಗೂ ಹಿಟ್ಟಿನ ಹಗ್ಗ ಒತ್ತಿದ. ಬಾಗಿಲ ಸುತ್ತ ನಾಲ್ಕೂ ಬದಿ ಮೆತ್ತಿದ. ನಾದಿನಿಯ ಬಾಯಿ ಮುಚ್ಚಿಸುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಅಷ್ಟು ದಿನ ಅದೊಂದೇ ಅವನ ಜೊತೆಗಿದ್ದ ದನಿ.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಅವಳೇ! ಐವತ್ತೆರಡು ದಿನದಲ್ಲಿ ಮೊದಲ ಸಲ ತಾನಾಗಿ ಮಾಡಿದ್ದಳು. ಒಂದು ಕೈಯಲ್ಲಿ ಮೇಲಿನ ಹಿಟ್ಟು ಜಾರದಂತೆ ಒತ್ತಿಹಿಡಿದು, ಇನ್ನೊಂದು ಹಿಟ್ಟಿನ ಕೈಯಲ್ಲಿ ಫೋನು ಹಿಡಿದ. ಉಸಿರು ಜೋರಾಗಿ ಬಿಟ್ಟರೂ ಹಿಟ್ಟು ಬೀಳುವಂತಿತ್ತು.

"ಏನ್ರೀ, ಇವತ್ತು ಫೋನೇ ಇಲ್ಲ? ಯಾವ ಡಬ್ಬೀನೂ ಕಳೆದಿಲ್ವಾ?"

"ಇಲ್ಲ," ಎಂದ ಮೇಸ್ತ್ರಿ, ಮೆತ್ತಗೆ.

"ಊಟ?"

"ಆಗುತ್ತೆ."

"ನಾನು ಇನ್ನೊಂದು ವಾರ ಬಿಟ್ಟು ಬರಲಾ?"

"ನಿನ್ನಿಷ್ಟ," ಎಂದ, ಇನ್ನೂ ಮೆತ್ತಗೆ. ಹಿಟ್ಟು ಬೆರಳ ಮೇಲೆ ಜಾರುತ್ತಿತ್ತು.

ಆ ಕಡೆಯ ದನಿ ತಟ್ಟನೆ ಬದಲಾಯಿತು. "ರೀ... ಹುಷಾರಾಗಿದೀರಾ?"

ಉತ್ತರ ಕೊಡುವಷ್ಟರಲ್ಲಿ ಫೋನು ಸತ್ತಿತು. ಚಾರ್ಜಿಗೆ ಹಾಕಲು ಹೋದರೆ ವೈರು ಸಿಕ್ಕಿಸುವ ಸಂದಿನಲ್ಲಿ ಹಿಟ್ಟು ಭದ್ರವಾಗಿ ಕೂತಿತ್ತು. ಆ ಮನೆಯಲ್ಲಿ ಪರಿಪೂರ್ಣವಾಗಿ ಮುಚ್ಚಿದ ಮೊಟ್ಟಮೊದಲ ಸಂದು ಅದೇ.

ಕೊನೆಗೆ ಉಳಿದದ್ದು ಬೀಗದ ತೂತು. ಮೇಸ್ತ್ರಿ ಹಿಟ್ಟಿನ ಉಂಡೆ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಸೀರೆಯ ತುಂಡು ಹಾಗೇ ಇತ್ತು. ಬೆರಳಿನಿಂದ ತಿರುಗಿಸಿದ ಸುತ್ತುಗಳು ಕಾಣುತ್ತಿದ್ದವು. ಕೊನೆಯ ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಸಣ್ಣ ಕುಳಿ ಮಾಡಿದ್ದಳು. ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದ. ತೆಗೆಯಲು ಮನಸ್ಸಾಗಲಿಲ್ಲ, ಮೇಲೆ ಹಿಟ್ಟು ಬಳಿಯಲೂ ಮನಸ್ಸಾಗಲಿಲ್ಲ. "ಇದು ಅವಳ ಕೆಲಸ, ಅವಳೇ ನೋಡ್ಕೊಳ್ಳಲಿ," ಎಂದು ಗದರಿಕೊಂಡು ಎದ್ದುಬಿಟ್ಟ.

ಆಮೇಲೆ ಮನೆಯ ನಡುವೆ ನಿಂತು ಮೈದಾ ಉದುರಿಸಿದ. ಪುಡಿ ನೆಟ್ಟಗೆ ಕೆಳಗೆ ಬಿತ್ತು. ಕೋಣೆ ಬೆಚ್ಚಗಾಗುತ್ತಿತ್ತು. ಸಂಜೆಗೆ ದರ್ಜಿಯ ಫೋನಿನಿಂದ ಅವಳಿಗೆ ಸುದ್ದಿ ಮುಟ್ಟಿಸಿದರಾಯಿತು ಎಂದುಕೊಂಡ. ಆ ಸುಖಕ್ಕೆ ಕಣ್ಣು ಎಳೆಯಿತು, ಮಲಗಿಬಿಟ್ಟ.

ಎಚ್ಚರವಾದಾಗ ನಾಲ್ಕು ಗಂಟೆ. ಮುಂದಿನ ಕೋಣೆಯ ಕಿಟಕಿಯ ಗಾಜಿನಾಚೆ ಹೆಂಡತಿಯ ಮುಖ!

ಕನಸೆಂದು ಕಣ್ಣುಜ್ಜಿದ. ಕಣ್ಣಿಗೆ ಮೈದಾ ಹೋಯಿತು, ಉರಿಯಿತು, ಆದ್ದರಿಂದ ಕನಸಲ್ಲ. ಅವಳ ಬಾಯಿ ಅಲ್ಲಾಡುತ್ತಿತ್ತು. ಒಂದಕ್ಷರವೂ ಕೇಳುತ್ತಿರಲಿಲ್ಲ. (ಮದುವೆಯಾದಾಗಿನಿಂದ ಇಂಥ ದೃಶ್ಯಕ್ಕಾಗಿ ಎಷ್ಟೋ ಸಲ ಹಾತೊರೆದಿದ್ದವನಿಗೆ ಈಗ ಅದು ಬೇಡವಾಯಿತು.) ಅವಳ ಹಿಂದೆ ಚೀಲ ಹಿಡಿದ ಷಡ್ಡಕ. ಅವನ ಹಿಂದೆ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಿಬಂದ ದರ್ಜಿ.

ಮೇಸ್ತ್ರಿ ಬಾಗಿಲಿಗೆ ಹಾರಿದ. ಅಲ್ಲಿ ನೋಡುತ್ತಾನೆ, ಸತ್ತ ಹಿಟ್ಟು ಎದ್ದು ಕೂತಿದೆ! ಬೆಚ್ಚಗಿನ ಜಾಗ ಸಿಕ್ಕಿದ್ದೇ ತಡ, ಉಬ್ಬಿ, ಉಕ್ಕಿ, ಸಂದುಗಳ ತುಂಬ ಸೇರಿಕೊಂಡು, ಬಾಗಿಲ ಸುತ್ತ ದಪ್ಪ ಹಾರ ಹಾಕಿದ ಹಾಗೆ ಗಟ್ಟಿಯಾಗಿ ನಿಂತಿದೆ. ಸಲಾಕೆ ತಂದು ಟಣ್ ಎಂದು ಒಂದು ಏಟು ಹಾಕಿದ. ಸಲಾಕೆಯೇ ಅಂಟಿಕೊಂಡಿತು. ಭಟ್ಟಿಯ ಬೆಂಕಿಯಲ್ಲಿ ಗರಿಗರಿಯಾಗಿ ಉದುರುವ ಹಿಟ್ಟು, ಬೆಂಕಿಯಿಲ್ಲದ ಕಡೆ ಮರಕ್ಕೆ ಗೋಂದಾಗುತ್ತದೆ. ಇಪ್ಪತ್ತೆಂಟು ವರ್ಷ ಹಿಟ್ಟಿನ ಜೊತೆ ಬಾಳಿದವನಿಗೆ ಇಷ್ಟು ಹೊಳೆಯಲಿಲ್ಲ. ಹಿಂಬಾಗಿಲೂ ಅದೇ ಕಥೆ. ಕಿಟಕಿಗಳಿಗೆ ಕಂಬಿ.

"ತಳ್ಳು! ತಳ್ಳೇ!" ಎಂದು ಗಾಜಿನ ಹತ್ತಿರ ಕೂಗಿದ. ಅವಳು ಕಿವಿ ತೋರಿಸಿ ಕೈಯಾಡಿಸಿದಳು: ಕೇಳುತ್ತಿಲ್ಲ. ಆಮೇಲೆ ಕಿಟಕಿಯಿಂದ ಮರೆಯಾದಳು. ಹೋದಳು, ವಾಪಸ್ಸು ಹೋದಳು ಎಂದುಕೊಂಡ ಮೇಸ್ತ್ರಿ. ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕೂತ. ತಲೆಯ ಸ್ವಲ್ಪ ಮೇಲೆ ಬೀಗದ ತೂತು.

ಗಾಳಿಯೂ ನುಸುಳದ ಮನೆ, ಯಾರಿಗೂ ಕೇಳದು. ಆ ಧೈರ್ಯದ ಮೇಲೆ ಮೇಸ್ತ್ರಿ ಬಾಯಿ ಬಿಟ್ಟ.

"ಹೋಗು, ಹೋಗು! ಆ ರಬ್ಬರ್ ಪಟ್ಟಿ ಮನೆಗೇ ಹೋಗು! ಐವತ್ತೆರಡು ದಿನ ಆಯ್ತು ಕಣೇ, ನಿಮ್ಮಕ್ಕಂದು ಕಾಲಾ, ಸೇತುವೆ ಕಂಬಾನಾ, ಇಷ್ಟು ದಿನ ರಿಪೇರಿ ಆಗೋಕೆ? ಇಲ್ಲಿ ನಾನು ಟೀ ಮಾಡಿದ್ರೆ ಎರಡು ಲೋಟ ಆಗುತ್ತೆ. ಒಂದು ಲೋಟಕ್ಕೆ ಎಷ್ಟು ನೀರು ಹಾಕ್ಬೇಕು ಅಂತ ಯಾರು ಹೇಳ್ಕೊಟ್ಟಿದಾರೆ ನಂಗೆ? ನೀನು ಬಯ್ಯದೆ ಅನ್ನ ಸೇರ್ತಿಲ್ಲ. ನಾನು ಬೈದ್ರೆ ಗೋಡೆ ತಿರುಗಿ ಬೈಯಲ್ಲ. ಬ್ರೆಡ್ಡು ತಿರುಗಿ ಮಾತಾಡಲ್ಲ ಅಂದೆನಲ್ಲ, ಅದೇ ಅದರ ದೊಡ್ಡ ರೋಗ ಕಣೇ! ನಿನ್ನ ಸ್ವೆಟರ್ ಗೂಟದಲ್ಲಿ ನೇತಾಡ್ತಿದ್ರೆ ನೀನೇ ಮುನಿಸ್ಕೊಂಡು ಗೋಡೆ ಕಡೆ ತಿರುಗಿ ನಿಂತ ಹಾಗೆ ಕಾಣುತ್ತೆ. ಅದಕ್ಕೇ ಮಡಚಿ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀನಿ, ಏನೀಗ? ಯಾರಿಗಾದ್ರೂ ಹೇಳಿದ್ಯೋ, ಕೊಂದುಬಿಡ್ತೀನಿ!"

"ಯಾವ ಸ್ವೆಟರ್ ರೀ?"

"ನೀಲೀದು!" ಎಂದು ಗದರಿದ ಮೇಸ್ತ್ರಿ.

ಆಮೇಲೆ ಬೆವರಿದ. ನಿಧಾನವಾಗಿ ತಲೆಯೆತ್ತಿ ನೋಡಿದ. ತೂತಿನಲ್ಲಿ ಸೀರೆಯ ತುಂಡು ಇರಲಿಲ್ಲ. ಆ ಜಾಗದಲ್ಲಿ ಒಂದು ಕಿವಿ, ಅದರಲ್ಲಿ ಅವನೇ ಕೊಡಿಸಿದ ಸಣ್ಣ ಓಲೆ.

ಕಿವಿ ಸರಿದು ಬಾಯಿ ಬಂತು. "ನೀವು ಬಯ್ಯದೆ ಮಾತಾಡಿದ್ರಿ ಅಂದ್ರೆ ಏನೋ ಆಗಿದೆ ಅಂತ ಎದೆ ಹೊಡ್ಕೊಂಡು ಓಡಿಬಂದೆ ರೀ. ಭಾವನ ಗಾಡೀಲಿ. ದಾರಿಯುದ್ದಕ್ಕೂ ಅಳ್ತಾ ಬಂದೆ." ಮೂಗು ಒರೆಸಿಕೊಂಡ ಸದ್ದು. "ಈಗ ಬೈದ್ರಲ್ಲ, ಜೀವ ಬಂತು."

ಹಿಂದಿನಿಂದ ಷಡ್ಡಕ ಕೆಮ್ಮಿದ. "ರಬ್ಬರ್ ಪಟ್ಟಿ ಬಗ್ಗೆ ಏನೋ ಅಂದ್ರಿ, ಪೂರ್ತಿ ಕೇಳಿಸ್ಲಿಲ್ಲ."

"ಮೇಸ್ತ್ರಿ, ಆ ಟೀ ಲೋಟದ ಮಾತು ಇನ್ನೊಂದ್ಸಲ," ಎಂದ ದರ್ಜಿ. ಅವನ ದನಿ ಒದ್ದೆಯಾಗಿತ್ತು.

ಮೇಸ್ತ್ರಿ ಬೇಕರಿಯಲ್ಲಿ ಹೇಳುವ ನಾಲ್ಕು ಮಾತು ಹೇಳಿದ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಹಿಟ್ಟು ಬಿಡಿಸಲು ಬಿಸಿನೀರಿನಲ್ಲಿ ನೆನೆಸುವುದೊಂದೇ ದಾರಿ. ಒಳಗೆ ಮೇಸ್ತ್ರಿ ನೀರು ಕಾಯಿಸಿ, ಬಟ್ಟೆ ಅದ್ದಿ, ಉಜ್ಜಿ, ಚಾಕುವಿನಿಂದ ಕೆರೆಯುತ್ತ ಬೆವರು ಸುರಿಸುತ್ತಿದ್ದ. ಹೊರಗೆ ಮೆಟ್ಟಿಲ ಮೇಲೆ ಹೆಂಡತಿ ಬೀದಿಯ ಗಾಳಿಗೆ ನಡುಗುತ್ತಿದ್ದಳು. ಯಾರಿಗಾಗಿ ಮನೆ ಬೆಚ್ಚಗಾಯಿತೋ ಅವಳೊಬ್ಬಳೇ ಹೊರಗೆ.

"ರೀ, ಚಳಿ. ಆ ಸ್ವೆಟರ್ ಕೊಡ್ತೀರಾ? ದಿಂಬಿನ ಕೆಳಗಿಂದು."

ಮೇಸ್ತ್ರಿ ಹಲ್ಲು ಕಡಿದು ಎದ್ದ. ದಿಂಬಿನ ಕೆಳಗಿಂದ ಸ್ವೆಟರ್ ತಂದು, ಇಬ್ಬರು ಸಾಕ್ಷಿಗಳ ಎದುರು, ತೂತಿನಿಂದ ಮೊದಲು ಒಂದು ತೋಳನ್ನು ತೂರಿಸಿದ. ಆ ಕಡೆಯಿಂದ ಅವಳು ಎಳೆದಳು, ಈ ಕಡೆಯಿಂದ ಅವನು ತಳ್ಳಿದ. ನೀಲಿ ಸ್ವೆಟರ್ ಅಂಗುಲ ಅಂಗುಲವಾಗಿ ಹೊರಗೆ ಹೋಯಿತು. ಕೊನೆಯ ತೋಳು ಹೋಗುವಾಗ ಅವನ ಎರಡು ಬೆರಳೂ ಜೊತೆಗೆ ಹೊರಗೆ ಹೋದವು. ಅವಳು ಅವನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತು ಬಿಡಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ.

"ಬಿಸಿಯಾಗಿದೆ ಕೈ," ಎಂದಳು.

"ಭಟ್ಟಿ ಕೈ," ಎಂದ.

ಷಡ್ಡಕ ಭುಜ ಕೊಟ್ಟು ನೂಕಿದಾಗ, ಹೊತ್ತು ಮುಳುಗುವ ವೇಳೆಗೆ, ಬಾಗಿಲು ಪಚಕ್ಕೆಂದು ತೆರೆಯಿತು. ಹೆಂಡತಿ ಒಳಗೆ ಬಂದು ಚಪ್ಪಲಿ ಬಿಟ್ಟು, ನೆಲದ ಮೇಲೆ ಪಾದ ಊರಿ ನೋಡಿದಳು. ಅತ್ತೆ ಇಲ್ಲ. ಅಡುಗೆಮನೆಗೆ ಹೋದಳು. ಹಲಗೆಯ ಮೇಲಿನ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಒಂದು ಬನ್ನನ್ನು ಎತ್ತಿ ಹಲಗೆಗೆ ಕುಟ್ಟಿದಳು. ಹಲಗೆಗೇ ಪೆಟ್ಟಾಯಿತು. ಆಮೇಲೆ ಟೀ ಮಾಡಿ ಆ ಬನ್ನನ್ನು ಅದರಲ್ಲಿ ನೆನೆಹಾಕಿದಳು.

ಮನೆ ಈಗ ಬೆಚ್ಚಗಿದೆ. ಹಿಟ್ಟನ್ನೆಲ್ಲ ಕೆರೆದು ತೆಗೆದ ಮೇಲೆ ಮರುವಾರವೇ ಷಡ್ಡಕ ಬಂದು, ಮೇಸ್ತ್ರಿಯ ಎದುರೇ, ಎಲ್ಲ ಕಿಟಕಿಗೂ ಬಾಗಿಲಿಗೂ ರಬ್ಬರ್ ಪಟ್ಟಿ ಅಂಟಿಸಿ ಹೋದ. ಮೇಸ್ತ್ರಿ ಏಣಿ ಹಿಡಿದುಕೊಂಡು ನಿಂತಿದ್ದ. ಉಳಿದಿರುವುದು ಬೀಗದ ತೂತು ಒಂದೇ. ಅದನ್ನು ಮುಚ್ಚಲು ಹೆಂಡತಿ ಬಿಡುತ್ತಿಲ್ಲ. "ಅದನ್ನ ಮುಟ್ಟಿದ್ರೆ ಅಕ್ಕನ ಮನೆಗೆ ಹೋಗ್ತೀನಿ" ಎಂದು ಒಂದೇ ಮಾತು ಹೇಳಿದ್ದಾಳೆ. ಬೀದಿಯ ಗಾಳಿಯೆಲ್ಲ ಈಗ ಆ ಒಂದೇ ತೂತಿನಿಂದ ನುಗ್ಗಿ ನೇರವಾಗಿ ಮೇಸ್ತ್ರಿಯ ಕುರ್ಚಿಗೆ, ಅವನ ಕುತ್ತಿಗೆಗೆ ಬಡಿಯುತ್ತದೆ. ಅವನು ಕತ್ತಿಗೆ ಟವಲ್ಲು ಸುತ್ತಿಕೊಂಡು ಕೂರುತ್ತಾನೆ.

ಆಗೊಮ್ಮೆ ಈಗೊಮ್ಮೆ, ಜಗಳವಾಗಿ ಮೂರು ದಿನ ಮಾತು ನಿಂತಾಗ, ಅವಳು ನೀಲಿ ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ಮೆಟ್ಟಿಲ ಮೇಲೆ ಬಗ್ಗಿ ನಿಂತು ತೂತಿಗೆ ಕಿವಿಯಿಟ್ಟು, "ಹೂಂ, ಹೇಳಿ," ಎನ್ನುತ್ತಾಳೆ.

ಒಳಗೆ ಮೇಸ್ತ್ರಿ ಸ್ವಲ್ಪ ಹೊತ್ತು ಗೊಣಗುತ್ತಾನೆ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಗಂಟಲು ಸರಿಮಾಡಿಕೊಳ್ಳುತ್ತಾನೆ. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತದೆ.